ಎಡಗೈ ಹೊಲಿಗೆ

ಮೊಳೆ ಚಿಮ್ಮಿ ಶಾಂಭವಿಯ ಚಹಾದ ಲೋಟದೊಳಗೆ ಬಿತ್ತು.

“ಇನ್ನೊಂದು ಬೀಳ್ಲಿ, ಈ ಚಹಾ ನಿಮಗೇ ಕುಡಿಸ್ತೆ,” ಎಂದಳು ಅವಳು, ಚಮಚದಿಂದ ಮೊಳೆಯನ್ನು ಹೆಕ್ಕುತ್ತ.

“ನಂದು ಎಂತ ತಪ್ಪು? ಉಪ್ಪು ಗಾಳಿಗೆ ಮೊಳೆಯ ತಲೆಯೆಲ್ಲ ತಿಂದು ಹೋಗಿದೆ. ಹಿಡಿಯೂಕೇ ಸಿಗೂದಿಲ್ಲ.”

ಉಮೇಶ ಹೊನ್ನಾವರದ ತಮ್ಮ ಮನೆಯ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ. ಊಟದ ಮೇಜಿನ ಕುರ್ಚಿಯೊಂದರ ಆಸನ ಅವನ ತೊಡೆಯ ಮೇಲೆ ಬೋರಲಾಗಿ ಮಲಗಿತ್ತು. ಆಸನ ಕಳಚಿದ ಕುರ್ಚಿ ಪಕ್ಕದಲ್ಲಿ ನಿಂತಿತ್ತು, ಕಾಲು ಬಂದ ಕಿಟಕಿಯ ಹಾಗೆ. ಎಣ್ಣೆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಹಿಂದಿಯವನೊಬ್ಬ ನಗುನಗುತ್ತ ಮೊಳೆ ಕೀಳುತ್ತಿದ್ದ. ಅವನ ಮೊಳೆಗಳಿಗೆ ತುಕ್ಕೇ ಇರಲಿಲ್ಲ.

“ಅವನ ಊರಲ್ಲಿ ಸಮುದ್ರ ಇಲ್ಲ,” ಎಂದ ಉಮೇಶ, ಹೊಟ್ಟೆಕಿಚ್ಚಿನಿಂದ.

ಉಮೇಶ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಟಿಕೆಟ್ ಹರಿದು ರೂಢಿಯಾದ ಕೈ ಸುಮ್ಮನಿರಲು ಒಪ್ಪುತ್ತಿರಲಿಲ್ಲ. ಹೆಂಡತಿ ಶಾಂಭವಿ ಹೊಳೆಯಾಚೆಯ ಕಾಸರಕೋಡಿನ ಶಾಲೆಯಲ್ಲಿ ಅಕ್ಕೋರಾಗಿದ್ದವಳು. ಅರ್ಧ ಊರಿಗೆ ಅಕ್ಷರ ಕಲಿಸಿದ್ದಳು. ಸುಳ್ಳು ಹೇಳುವಾಗ ಯಾರು ಯಾವ ಕಾಲಿನ ಮೇಲೆ ನಿಲ್ಲುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಹಾಗಾಗಿ ಪೊಲೀಸರ ಹತ್ತಿರ ಹೇಳಲಾಗದ ಕಳುವುಗಳು ಅವಳ ಜಗುಲಿಗೆ ಬರುತ್ತಿದ್ದವು.

ಈ ಸಲ ಬಂದದ್ದು ಕಾಸರಕೋಡಿನ ಜಯಂತಿಯ ಚಿನ್ನದ ಅವಲಕ್ಕಿ ಸರ. ಸರ ಕಾಣೆಯಾಗಿತ್ತು. ಕಳ್ಳಿ ಎನಿಸಿಕೊಂಡ ಸೊಸೆ ವೀಣಾ ಕುಮಟೆ ಬದಿಯ ಅಘನಾಶಿನಿ ಊರಿನ ತವರಿಗೆ ಹೋಗಿ ಕೂತಿದ್ದಳು. ಜಯಂತಿಯ ಮಗ ಸಂಜಯ ಆಳಸಮುದ್ರಕ್ಕೆ ಹೊರಡುವ ಮೊದಲು ಬಂದು, “ನಾನು ದಡಕ್ಕೆ ಬರೂದ್ರೊಳಗೆ ವೀಣಾ ಮನೇಲಿ ಇರ್ಬೇಕು, ಅಕ್ಕೋರೆ. ಹೆಂಗಾದ್ರೂ ಮಾಡಿ,” ಎಂದು ಹೇಳಿ ಹೋಗಿದ್ದ. ಅವನ ದೋಣಿ ನಾಳೆ ಬರುವುದಿತ್ತು.

ಕುರ್ಚಿಗೂ ವಿಚಾರಣೆಗೂ ಸಂಬಂಧವಿರಲಿಲ್ಲ. ವಿಚಾರಿಸಲು ಹೋದ ದಿನ ಜಯಂತಿ ಇಬ್ಬರನ್ನೂ ಬಲವಂತವಾಗಿ ಊಟಕ್ಕೆ ಕೂರಿಸಿದ್ದಳು. ಉಮೇಶ ಕೂತ ಕುರ್ಚಿ ಒಂದು ಬದಿಗೆ ಜಗ್ಗಿ, ಬಂಗಡೆ ಸಾರು ಅವನ ಅಂಗಿಗೆ ಚೆಲ್ಲಿತ್ತು. “ಇದನ್ನ ನಾನು ಸರಿ ಮಾಡಿ ಕೊಡ್ತೆ,” ಎಂದು ಅವನು ಅಲ್ಲೇ ಘೋಷಿಸಿದ್ದ. ಮರುದಿನವೇ ಭಟ್ಕಳಕ್ಕೆ ಹೋಗಿ ಹಸಿರು ಬಟ್ಟೆ, ಫೋಮ್, ಸ್ಟೇಪಲ್ ಗನ್ ತಂದಿದ್ದ. ತನಗೆ ಅಂಗಿ ತರಲು ಮಾತ್ರ ಮರೆತಿದ್ದ.

“ಹ್ವಾಯ್, ಇಲ್ಲಿ ನೋಡು,” ಎಂದ ಈಗ. “ಈ ಬದಿಯ ಮೊಳೆ ಎಷ್ಟು ಸಲೀಸಾಗಿ ಬಂತು.”

ಶಾಂಭವಿ ಲೋಟ ಕೆಳಗಿಟ್ಟಳು.

ಅವನ ಅಂಗೈಯಲ್ಲಿ ಎರಡು ಜಾತಿಯ ಮೊಳೆಗಳಿದ್ದವು. ಹೆಚ್ಚಿನವು ಕಪ್ಪಾಗಿ, ತಲೆ ಸವೆದು, ಮುಟ್ಟಿದರೆ ಪುಡಿಯಾಗುವಂತಿದ್ದವು. ಕೆಲವು ಮಾತ್ರ ಇನ್ನೂ ಹೊಳೆಯುತ್ತಿದ್ದವು, ಅಂಚಿನಲ್ಲಿ ತುಸು ಕೆಂಪು ಅಷ್ಟೇ.

ಕಾಸರಕೋಡಿನಲ್ಲಿ ಒಂದು ಮಳೆಗಾಲ ಕಳೆದರೆ ಬೀಗದ ಕೈ ಕೂಡ ಕಪ್ಪಾಗುತ್ತದೆ. ಈ ಮೊಳೆಗಳು ಮಳೆಗಾಲ ನೋಡಿರಲಿಲ್ಲ.

“ಮಳೆ ಬಿಟ್ಟ ಮೇಲೆ, ದೀಪಾವಳಿ ಆಸುಪಾಸಿಗೆ ಯಾರೋ ಈ ಕುರ್ಚಿ ಬಿಚ್ಚಿದ್ದಾರೆ,” ಎಂದಳು. “ತಳದ ಬಟ್ಟೆ ತೆಗೀರಿ. ಹರೀಬೇಡಿ ಮಾರಾಯ್ರೆ, ತೆಗೀರಿ.”

ಉಮೇಶ ತಳಕ್ಕೆ ಹೊಡೆದಿದ್ದ ಕರಿ ಬಟ್ಟೆಯನ್ನು ಮೆಲ್ಲಗೆ ಎತ್ತಿದ. ಒಳಗೆ ಅಡ್ಡಡ್ಡ ಬಿಗಿದ ಪಟ್ಟಿಗಳು, ಅವುಗಳ ಮೇಲೆ ಗೋಣಿ, ಗೋಣಿಯ ಮೇಲೆ ತೆಂಗಿನ ನಾರು. ಫೋಮ್ ಬರುವ ಮೊದಲು ಈ ಕಡೆಯ ಕುರ್ಚಿಗಳ ಹೊಟ್ಟೆಯೊಳಗೆ ನಾರೇ ಇರುತ್ತಿತ್ತು. ಕೂತು ಕೂತು ಅದು ಹಲಗೆಯಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಸಡಿಲವಾಗಿ, ಕೆದಕಿದ ಹಾಗೆ.

ಆ ಮೂಲೆಯಲ್ಲಿ ಗೋಣಿಯನ್ನು ಕೊಯ್ದು, ಮತ್ತೆ ಹೊಲಿಯಲಾಗಿತ್ತು.

“ನೀಲಿ ನೈಲಾನ್ ದಾರ,” ಎಂದ ಉಮೇಶ. “ಬಲೆಯದ್ದು. ಆದ್ರೆ ಇದೆಂತ ಹೊಲಿಗೆ? ನಾಲ್ಕು ಸಲ ಸೂಜಿ ಆಡ್ಸಿದ್ರೆ ಆತಿತ್ತು. ಇವ ಒಂದು ಸಣ್ಣ ಬಲೆಯೇ ನೇಯ್ದು ಬಿಟ್ಟಿದ್ದಾನೆ.”

ಬಲೆಯೇ. ಹರಿದ ಬಾಯಿಯ ಮೇಲೆ ಸಾಲು ಸಾಲಾಗಿ ಕಣ್ಣುಗಳು, ಒಂದೊಂದು ಕಣ್ಣಿಗೂ ಬಿಗಿದ ಗಂಟು. ಒಂದು ಎಳೆ ಕಡಿದರೂ ಉಳಿದದ್ದು ಬಿಚ್ಚಬಾರದು ಎನ್ನುವ ಗಂಟು. ಸಮುದ್ರಕ್ಕೆ ಹೋಗದ ಕುರ್ಚಿಗೆ ಅದರ ಅಗತ್ಯವಿರಲಿಲ್ಲ. ಆದರೆ ಬಲೆ ಕಟ್ಟುವ ಕೈಗೆ ಬೇರೆ ಹೊಲಿಗೆ ಬರುವುದಿಲ್ಲ. ಅದು ಸೊಳ್ಳೆಪರದೆಯನ್ನೂ ಹೀಗೆಯೇ ಹೊಲಿಯುತ್ತದೆ, ಚೀಲವನ್ನೂ ಹೀಗೆಯೇ.

ಶಾಂಭವಿ ಕನ್ನಡಕ ಹಾಕಿಕೊಂಡು ಬಗ್ಗಿದಳು. ಗಂಟುಗಳೆಲ್ಲ ಬಲದಿಂದ ಎಡಕ್ಕೆ ವಾಲಿದ್ದವು.

“ಎಡಗೈ,” ಎಂದಳು.

ಶಾಲೆಯ ವಾಲಿಬಾಲ್ ನೆಟ್ ಹರಿದಾಗಲೆಲ್ಲ ಬಂದು ಕಟ್ಟಿ ಕೊಡುತ್ತಿದ್ದವನು ಒಬ್ಬನೇ. ಮಕ್ಕಳು ಅವನ ಸುತ್ತ ಕೂತು, ಉಲ್ಟಾ ಕಟ್ಟುವುದನ್ನು ನೋಡಿ ನಗುತ್ತಿದ್ದರು. ಆ ದಂಡೆಯಲ್ಲಿ ಎಡಗೈಯಲ್ಲಿ ಬಲೆ ಕಟ್ಟುವವನು ಇನ್ನೊಬ್ಬನಿಲ್ಲ. ಜಯಂತಿಯ ಗಂಡ, ಭಾಸ್ಕರ.

ಉಮೇಶ ಆಗಲೇ ಹೊಲಿಗೆಯ ಪಕ್ಕದಲ್ಲಿ ಗೋಣಿ ಕತ್ತರಿಸಿ, ನಾರಿನೊಳಗೆ ಬೆರಳು ತೂರಿಸಿದ್ದ. ಹೊರಗೆ ಬಂದದ್ದು ಪ್ಲಾಸ್ಟಿಕ್ಕಿನ ಒಂದು ಪೊಟ್ಟಣ. ಒಂದರೊಳಗೊಂದು ಕವರು, ಮೇಲೆ ಬಿಗಿಯಾಗಿ ರಬ್ಬರ್. ದೋಣಿಯವರು ಮೊಬೈಲು ಸುತ್ತುವ ರೀತಿ.

ಒಳಗೆ ಅವಲಕ್ಕಿ ಸರ.

ಇಬ್ಬರೂ ಅದನ್ನು ನೋಡಿದರು. ಮೊಬೈಲಿನಲ್ಲಿ ಹಿಂದಿಯವನು, ಇಷ್ಟೇ ಸುಲಭ ಎಂದ.

*

“ಹೋಗ್ವ ಅಲ್ದಾ?” ಉಮೇಶ ಎದ್ದು ನಿಂತ.

“ಕೂತ್ಕಳಿ. ಮೊದ್ಲು ಕುರ್ಚಿ ಮುಗ್ಸಿ.”

“ಸರ ಸಿಕ್ಕಿದೆ!”

“ಸರ ಎಲ್ಲಿಗೂ ಹೋಗೂದಿಲ್ಲ. ನಂಗೆ ಯೋಚ್ನೆ ಮಾಡ್ಬೇಕು. ನಿಮ್ಮ ಕೈ ಆಡ್ತಾ ಇದ್ರೆ ನನ್ನ ತಲೆ ಓಡ್ತದೆ.”

ಹೊಲಿಗೆಯಿದ್ದ ಗೋಣಿಯ ತುಂಡನ್ನು ಅವಳು ತೆಗೆದಿಟ್ಟುಕೊಂಡಳು. ಉಮೇಶ ಹೊಸ ಗೋಣಿ ಬಿಗಿದ. ಹಳೆಯ ನಾರನ್ನು ಬಿಸಿಲಿಗೆ ಹಾಕಿ ಬಡಿದು, ಕೈಯಿಂದ ಬಿಡಿಸಿ, ಮತ್ತೆ ಹರಡಿದ. ಮೇಲೆ ತೆಳ್ಳಗೆ ಫೋಮ್.

“ನಂಗೆ ಮೊದ್ಲಿಂದ ಜಯಂತಿ ಮೇಲೇ ಸಂಶಯ,” ಎಂದ. “ಸೊಸೆ ಬೇಡ ಅಂತ ತಾನೇ ಅಡಗ್ಸಿಟ್ಟಿರ್ಬೇಕು.”

“ಅಡಗ್ಸಿಟ್ಟವಳು ಅದೇ ಕುರ್ಚಿ ನಿಮ್ಮ ತಲೆ ಮೇಲೆ ಹೊರ್ಸಿ ಕಳಿಸ್ತಾಳಾ?”

ಅವನು ಒಪ್ಪಿದ. ಹಸಿರು ಬಟ್ಟೆಯನ್ನು ಹಾಸಿ, ಒಂದು ಬದಿಗೆ ಸಾಲಾಗಿ ಟಪಟಪ ಪಿನ್ನು ಹೊಡೆದ. ಎದುರು ಬದಿಗೆ ಎಳೆದಾಗ ಬಟ್ಟೆ ಸೊಟ್ಟಗಾಯಿತು.

“ಹಂಗಲ್ಲ,” ಎಂದಳು ಶಾಂಭವಿ. “ಈ ಬದಿಯ ನಡುವೆ ಒಂದು, ಎದುರಿನ ನಡುವೆ ಒಂದು. ಆಮೇಲೆ ಅಕ್ಕಪಕ್ಕ. ಮೂಲೆ ಕಡೆಗೆ. ನಿಮ್ಮ ಹಿಂದಿಯವ ಹೇಳ್ಲಿಲ್ವಾ?”

“ಹೇಳೂವಾಗ ಜಾಹೀರಾತು ಬಂತು.”

ಅವನು ಪಿನ್ನು ಕಿತ್ತು ಮತ್ತೆ ಶುರುಮಾಡಿದ. ಅವಳು ಬಟ್ಟೆ ಎಳೆದು ಹಿಡಿದಳು, ಅವನು ಹೊಡೆದ. ಹಿಡಿಯುತ್ತಲೇ ಅವಳು ತನಗೆ ಗೊತ್ತಿದ್ದದ್ದನ್ನು ಜೋಡಿಸಿದಳು.

ದೀಪಾವಳಿಯ ಹೊತ್ತಿಗೆ ತೂಫಾನಿನ ಎಚ್ಚರಿಕೆ ಬಂದಿತ್ತು. ದಂಡೆಯ ಮನೆಯವರೆಲ್ಲ ಶಾಲೆಗೆ ಹೋಗಿ ತಂಗಿದ್ದರು. ಜಯಂತಿ ಮುಂದೆ ಹೋದಳು. ಹಿಂದೆ ನಿಂತು ಮನೆಗೆ ಬೀಗ ಹಾಕಿ ಬಂದವರು ಭಾಸ್ಕರ ಮತ್ತು ವೀಣಾ. ತೂಫಾನು ಬೇರೆಡೆಗೆ ತಿರುಗಿ ಹೋಯಿತು. ಆಮೇಲೆ ಯಾವಾಗಲೋ, ಮಂಕಿಯ ಒಂದು ಮದುವೆಗೆ ಹೊರಟಾಗ, ಜಯಂತಿ ಕಪಾಟು ತೆರೆದಿದ್ದಳು. ಸರ ಇರಲಿಲ್ಲ.

ನಂಗೆ ಗೊತ್ತಿಲ್ಲ ಎಂದಿದ್ದ ಭಾಸ್ಕರ, ದೇವರ ಪಟದ ಮೇಲೆ ಕೈಯಿಟ್ಟು.

ವೀಣಾ ಎಂತದೂ ಹೇಳಿರಲಿಲ್ಲ. ತೆಗೆದೆ ಎಂದೂ ಇಲ್ಲ, ತೆಗೆದಿಲ್ಲ ಎಂದೂ ಇಲ್ಲ. ಆ ಮೌನವನ್ನೇ ಜಯಂತಿ ಕಳ್ಳತನ ಎಂದು ಓದಿಕೊಂಡಿದ್ದಳು.

“ಭಾಸ್ಕರಣ್ಣ ಪಟ ಮುಟ್ಟಿ ಸುಳ್ಳು ಹೇಳೂ ಮನ್ಷ ಅಲ್ಲ,” ಎಂದಳು ಶಾಂಭವಿ.

“ಹೊಲಿಗೆ ಸುಳ್ಳು ಹೇಳ್ತದಾ?”

“ಅದೂ ಹೇಳೂದಿಲ್ಲ. ಅದೇ ನಂಗೆ ತೊಂದ್ರೆ.”

ಉಮೇಶ ಕೊನೆಯ ಮೂಲೆಯನ್ನು ಮಡಚಿ ಪಿನ್ನು ಹೊಡೆದು, ಆಸನವನ್ನು ಕುರ್ಚಿಗೆ ಕೂರಿಸಿ ಸ್ಕ್ರೂ ತಿರುಗಿಸಿದ. ಒಂದು ಮೂಲೆ ಸ್ವಲ್ಪ ಉಬ್ಬಿತ್ತು. ಅವನು ಹಿಂದೆ ಸರಿದು, ಮೊಮ್ಮಗನನ್ನು ನೋಡುವಂತೆ ಅದನ್ನು ನೋಡಿದ. ಶಾಂಭವಿ ಉಬ್ಬಿನ ಬಗ್ಗೆ ಮಾತೆತ್ತಲಿಲ್ಲ. ಕೂತು ತೋರಿಸಿದಳು.

*

ಭಾಸ್ಕರ ಮನೆಯ ಹಿಂದೆ ಗಾಳಿಮರದ ನೆರಳಿನಲ್ಲಿ ಬಲೆ ಹರವಿಕೊಂಡು ಕೂತಿದ್ದ. ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದ. ಎಡಗೈಯಲ್ಲಿ ಸೂಜಿ ಓಡುತ್ತಿತ್ತು. ಆಚೆ ಜಯಂತಿ ಒಣಗಲು ಹಾಕಿದ ಮೀನು ಮಗುಚುತ್ತಿದ್ದಳು.

“ಬನ್ನಿ ಅಕ್ಕೋರೆ. ಊಟ ಆತಾ?”

“ಆತು ಭಾಸ್ಕರಣ್ಣ. ಇದೊಂಚೂರು ನೋಡಿ. ಹೊಲಿಗೆ ಹೆಂಗಿದೆ?”

ಅವಳು ಗೋಣಿಯ ತುಂಡನ್ನು ಅವನ ಕೈಗೆ ಕೊಟ್ಟಳು. ಭಾಸ್ಕರ ಅದನ್ನು ಬೆಳಕಿಗೆ ಹಿಡಿದ. ಕಣ್ಣುಗಳ ಮೇಲೆ ಬೆರಳಾಡಿಸಿದ. ಮುಖ ಅರಳಿತು.

“ಚಂದ ಇದೆ. ಎಲ್ಲ ಒಂದೇ ಅಳತೆ. ಯಾರು, ಹೊಸಬನಾ? ಇಂಥವ ಸಿಕ್ರೆ ನಾಳೆನೇ ನನ್ನ ದೋಣಿಗೆ ಕರ್ಕಳ್ತೆ.”

ಉಮೇಶ ನಕ್ಕ, ತಮಾಷೆ ಎಂದುಕೊಂಡು. ಶಾಂಭವಿ ನಗಲಿಲ್ಲ. ಉಮೇಶನ ನಗೆ ಅಲ್ಲೇ ನಿಂತಿತು.

ಭಾಸ್ಕರನ ಬೆರಳು ಒಂದು ಗಂಟಿನ ಮೇಲೆ ತಡೆಯಿತು. ಗೋಣಿಯನ್ನು ತಿರುಗಿಸಿದ. ಮತ್ತೆ ತಿರುಗಿಸಿದ. ಆಮೇಲೆ ತನ್ನ ಎಡಗೈಯನ್ನು ನೋಡಿದ, ಅದು ಬೇರೆ ಯಾರದೋ ಕೈ ಎಂಬಂತೆ.

“ಇದು ಎಲ್ಲಿತ್ತು?”

“ನಿಮ್ಮ ಊಟದ ಕುರ್ಚಿಯೊಳಗೆ. ಜೊತೆಗೆ ಇದೂ ಇತ್ತು.”

ಅವಳು ಮುಷ್ಟಿ ಬಿಚ್ಚಿದಳು. ಸರ ಬಿಸಿಲಿಗೆ ಮಿನುಗಿತು.

ಭಾಸ್ಕರ ಅದನ್ನು ಮುಟ್ಟಲಿಲ್ಲ. ಅವನ ಮುಖ ಶಾಂಭವಿಗೆ ಪರಿಚಯದ್ದು. ಸಿಕ್ಕಿಬಿದ್ದ ಕಳ್ಳನ ಮುಖವಲ್ಲ. ಎದ್ದು ಓದು ಎಂದಾಗ, ಅಕ್ಷರ ಗೊತ್ತಿಲ್ಲದೆ, ಪುಸ್ತಕ ಮನೆಯಲ್ಲೇ ಬಿಟ್ಟು ಬಂದೆ ಎಂದು ಹೇಳಲು ತಯಾರಾಗುವ ಮಗುವಿನ ಮುಖ.

“ಅಯ್ಯೋ ದೇವ್ರೆ! ನನ್ನ ಸರ!” ಜಯಂತಿ ಮೀನಿನ ಕೈಯಲ್ಲೇ ಓಡಿ ಬಂದಳು. “ಎಲ್ಲಿ ಸಿಕ್ತು? ಯಾರ ಹತ್ರ ಇತ್ತು?”

ಶಾಂಭವಿ ಬಾಯಿ ತೆರೆಯುವ ಮೊದಲೇ ಭಾಸ್ಕರ ಹೇಳಿದ. “ನಾನೇ ಕದ್ದದ್ದು.”

“ಎಂತ?”

“ನಾನೇ ತೆಗ್ದು ಕುರ್ಚಿಯೊಳಗೆ ಇಟ್ಟು ಹೊಲ್ದೆ. ಬೇಕಂತ್ಲೇ.”

“ನಿಮ್ಮನೇಲಿ ನೀವೇ ಕಳ್ಳ! ಊರಲ್ಲಿ ಬೇರೆ ಮನೆ ಇರ್ಲಿಲ್ವಾ?”

“ಸಿಟ್ಟು ಬಂದಿತ್ತು. ನೀನು ನಂಗೆ ಮಾತಾಡೂಕೆ ಬಿಡೂದಿಲ್ಲ.”

“ಮದ್ವೆ ಆದ ದಿನದಿಂದ ಬಿಟ್ಟಿಲ್ಲ! ಇಷ್ಟು ವರ್ಷ ಬರದ ಸಿಟ್ಟು ಈಗ ಬಂತಾ? ಪಟ ಮುಟ್ಟಿ ಗೊತ್ತಿಲ್ಲ ಅಂದ್ರಲ್ಲ, ನಾಚ್ಕೆ ಆಗೂದಿಲ್ವಾ? ಆ ಹುಡುಗಿಗೆ ನಾನು ಎಂತೆಂತ ಅಂದೆ!”

“ಭಾಸ್ಕರಣ್ಣ,” ಶಾಂಭವಿ ಮೆಲ್ಲಗೆ ಕೇಳಿದಳು, “ಸರ ಯಾವುದ್ರಲ್ಲಿ ಸುತ್ತಿದ್ರಿ?”

ಅವನು ಕಣ್ಣು ಮಿಟುಕಿಸಿದ. ಸಮುದ್ರದ ಕಡೆ ನೋಡಿದ.

“ಕರವಸ್ತ್ರದಲ್ಲಿ.”

ಪ್ಲಾಸ್ಟಿಕ್ ಕವರು ಉಮೇಶನ ಜೇಬಿನಲ್ಲಿತ್ತು. ಅವನು ಬಾಯಿ ತೆರೆದ. ಶಾಂಭವಿ ಅವನ ಕಾಲು ತುಳಿದಳು.

ಭಾಸ್ಕರನಿಗೆ ಗೊತ್ತಿರಲಿಲ್ಲ. ಸುತ್ತಿದ್ದು ಗೊತ್ತಿಲ್ಲ, ಹೊಲಿದದ್ದು ಗೊತ್ತಿಲ್ಲ. ತೂಫಾನಿಗೆ ಹೆದರಿ ಹೆಂಡತಿಯ ಸರವನ್ನು ಕಾಪಾಡಿದ ಆ ಮಧ್ಯಾಹ್ನ ಅವನ ತಲೆಯಿಂದ ಪೂರ್ತಿಯಾಗಿ ಜಾರಿ ಹೋಗಿತ್ತು. ಪಟ ಮುಟ್ಟಿದಾಗ ಅವನು ನಿಜವನ್ನೇ ಹೇಳಿದ್ದ. ಸುಳ್ಳು ಹೇಳುತ್ತಿರುವುದು ಈಗ.

ಯಾಕೆಂದೂ ಶಾಂಭವಿಗೆ ತಿಳಿಯಿತು. ಕಳೆದ ತಿಂಗಳು ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಪ್ರಾಯದಿಂದ ದೋಣಿ ನಡೆಸಿದ ಅದೇ ದಾರಿಯಲ್ಲಿ, ಭಾಸ್ಕರ ಎತ್ತ ತಿರುಗಬೇಕೆಂದು ಮರೆತವನಂತೆ ತನ್ನ ಸಣ್ಣ ದೋಣಿಯನ್ನು ಮರಳಿಗೆ ಹತ್ತಿಸಿದ್ದ. ಇನ್ನೊಮ್ಮೆ ಹೀಗಾದರೆ ಅಪ್ಪ ದಡದಲ್ಲೇ ಇರಲಿ, ಆ ದೋಣಿಯ ಚುಕ್ಕಾಣಿ ಬೇರೆಯವರಿಗೆ ಕೊಡುತ್ತೇನೆ ಎಂದು ಸಂಜಯ ನಾಲ್ಕು ಜನರ ಎದುರು ಹೇಳಿದ್ದ. ಕಳ್ಳ ಎನಿಸಿಕೊಂಡವನು ನಾಳೆಯೂ ಸಮುದ್ರಕ್ಕೆ ಹೋಗಬಹುದು. ಮರೆವಿನವನು ಹೋಗುವಂತಿಲ್ಲ.

ಜಯಂತಿ ಸರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನಿಮ್ಮನ್ನ ಆಮೇಲೆ ನೋಡ್ಕಳ್ತೆ. ಮೊದ್ಲು ಆ ಹುಡುಗೀನ ಕರ್ಕಂಡು ಬರ್ಬೇಕು. ಅಂಗಿ ಹಾಕ್ಕಳಿ. ಉಮೇಶಣ್ಣ, ಗಾಡಿ ತಿರುಗ್ಸಿ.”

ಹೊರಡುವ ಮೊದಲು ಅವಳ ಕಣ್ಣು ಉಮೇಶ ಗಾಡಿಯಿಂದ ಇಳಿಸಿಟ್ಟ ಹಸಿರು ಕುರ್ಚಿಯ ಮೇಲೆ ಬಿತ್ತು.

“ಚಂದ ಆಗಿದೆ,” ಎಂದಳು. “ಆ ಮೂಲೆ ಯಾಕೆ ಉಬ್ಬಿದೆ? ಅಲ್ಲೂ ಎಂತಾರೂ ಇಟ್ಟಿದ್ರಾ?”

ಉಮೇಶ ಕುಮಟೆಯವರೆಗೆ ಯಾರ ಹತ್ತಿರವೂ ಮಾತಾಡಲಿಲ್ಲ.

*

ಅಘನಾಶಿನಿಯಲ್ಲಿ ನೀರು ಇಳಿದಿತ್ತು. ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಬಳಚು ಚಿಪ್ಪಿ ಹೆಕ್ಕುತ್ತಿದ್ದರು. ಗಾಡಿ ನಿಲ್ಲುವ ಮೊದಲೇ ಜಯಂತಿ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು. “ವೀಣಾ! ಸರ ಸಿಕ್ತು!”

ಬಗ್ಗಿದ ಬೆನ್ನುಗಳೆಲ್ಲ ಎದ್ದು ನಿಂತವು. ಒಂದು ಬೆನ್ನು ಮಾತ್ರ ಸ್ವಲ್ಪ ತಡವಾಗಿ ಎದ್ದಿತು.

ವೀಣಾ ಬುಟ್ಟಿಯನ್ನು ಪಕ್ಕದವಳಿಗೆ ಕೊಟ್ಟು ದಂಡೆ ಹತ್ತಿ ಬಂದಳು. ಕಾಲಿಗೆಲ್ಲ ಕೆಸರು. ಅತ್ತೆಯನ್ನು ನೋಡಲಿಲ್ಲ, ಮೊದಲು ಮಾವನನ್ನು ನೋಡಿದಳು.

“ಗುಳಿಗೆ ತಗಂಡ್ರಾ ಮಾವ?”

“ತಗಂಡೆ.” ಭಾಸ್ಕರ ಯೋಚಿಸಿದ. “ತಗಂಡಿದ್ದೆ ಅಂತ ಕಾಣ್ತದೆ.”

“ಸರ ಸಿಕ್ತು ಅಂದ್ರೆ ಕೇಳೂದಿಲ್ವಾ ನಿಂಗೆ?” ಎಂದಳು ಜಯಂತಿ.

ವೀಣಾ ಕೈಗೆ ಹತ್ತಿದ ಕೆಸರನ್ನು ಉಜ್ಜಿಕೊಂಡಳು. “ಕುರ್ಚಿ ಯಾರು ಬಿಚ್ಚಿದ್ರು?”

ಕುರ್ಚಿಯ ಮಾತನ್ನು ಇಲ್ಲಿ ಯಾರೂ ಎತ್ತಿರಲಿಲ್ಲ.

ಉಮೇಶ ಹೆಂಡತಿಯ ಕಡೆ ತಿರುಗಿದ. ಜಯಂತಿಯ ಬಾಯಿ ಅರ್ಧ ತೆರೆದೇ ನಿಂತಿತು. ತಾನು ಎಂತ ಹೇಳಿದೆ ಎಂದು ವೀಣಾಳಿಗೂ ಆಗಲೇ ಗೊತ್ತಾಗಿತ್ತು.

“ಕುರ್ಚಿಯ ವಿಷ್ಯ ನಿಂಗೆ ಯಾರು ಹೇಳಿದ್ರು ಮಗಾ?” ಎಂದು ಕೇಳಿದ ಭಾಸ್ಕರ.

ಅವನ ದನಿಯಲ್ಲಿ ನಟನೆ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದ. ಶಾಂಭವಿಗೆ ಅಷ್ಟು ಸಾಕಾಯಿತು. ಹೇಳಿದವನೇ ಕೇಳುತ್ತಿದ್ದ. ಬೀಗ ಹಾಕುವ ಮೊದಲು ಅವನೇ ಇವಳಿಗೆ ಜಾಗ ತೋರಿಸಿದ್ದ. ಆಮೇಲೆ ಇಟ್ಟದ್ದನ್ನೂ ಮರೆತ, ತೋರಿಸಿದ್ದನ್ನೂ ಮರೆತ. ಮಾವ ಮರೆತಿದ್ದಾರೆ ಎಂಬ ಒಂದು ಮಾತು ಸಾಕಿತ್ತು ಇವಳ ಹೆಸರು ಉಳಿಯಲು. ಇವಳು ಆ ಮಾತನ್ನು ನುಂಗಿಕೊಂಡು ತವರಿಗೆ ಬಂದಿದ್ದಳು.

“ಯಾರೂ ಹೇಳ್ಲಿಲ್ಲ,” ಎಂದಳು ವೀಣಾ. “ನಾನೇ ಇಟ್ಟದ್ದು.”

“ಸುಳ್ಳು,” ಎಂದ ಭಾಸ್ಕರ. “ನಾನು ಇಟ್ಟದ್ದು.”

“ಅಲ್ಲ ಮಾವ. ನಾನು.”

“ನಿಂಗೆ ಬಲೆ ಗಂಟು ಹಾಕೂಕೆ ಬರೂದಿಲ್ಲ!”

“ನಿಮ್ಮನ್ನ ನೋಡಿ ಕಲ್ತಿದ್ದೆ.”

ಜಯಂತಿ ಗಂಡನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು. “ಕಳ್ಳತನಕ್ಕೂ ಜಗಳನಾ ನಿಮ್ಮದು?” ಸೆರಗಿನ ಗಂಟು ಬಿಚ್ಚಿ ಸರವನ್ನು ಹೊರತೆಗೆದಳು. “ಯಾರು ಇಟ್ರು, ಯಾಕೆ ಇಟ್ರು, ನಂಗೆ ಬೇಡ. ನಾನು ಬಾಯಿಗೆ ಬಂದಂಗೆ ಅಂದೆ ನಿಂಗೆ. ನಂದೇ ತಪ್ಪು. ಇದು ಇನ್ನು ನಿಂದು. ಬಗ್ಗು, ಹಾಕ್ತೆ. ನಾಳೆ ಸಂಜಯ ಬರೂವಾಗ ನೀನು ಇದನ್ನ ಹಾಕ್ಕಂಡು ಬಾಗ್ಲಲ್ಲಿ ನಿಂತಿರ್ಬೇಕು.”

ದಂಡೆಯ ಹೆಂಗಸರೆಲ್ಲ ನೋಡುತ್ತಿದ್ದರು. ಕಳ್ಳಿ ಎಂದವಳೇ, ಊರೆದುರು, ಸರ ಹಿಡಿದು ನಿಂತಿದ್ದಳು. ಇದಕ್ಕಿಂತ ಚಂದದ ಮಾಫಿಯನ್ನು ಶಾಂಭವಿ ಕಂಡಿರಲಿಲ್ಲ.

ವೀಣಾ ಕತ್ತು ಬಗ್ಗಿಸಿದರೆ ನಾಳೆ ಸಂಜಯ ಕೇಳುತ್ತಾನೆ. ಕಳ್ಳ ಯಾರು ಎನ್ನುತ್ತಾನೆ. ಅಪ್ಪ ಎಂದರೆ, ಯಾವಾಗ, ಹೇಗೆ, ಯಾವುದರಲ್ಲಿ ಸುತ್ತಿ ಎಂದು ಒಂದೊಂದಾಗಿ ಕೇಳುತ್ತಾನೆ. ಭಾಸ್ಕರನ ಬಳಿ ಒಂದಕ್ಕೂ ಉತ್ತರವಿಲ್ಲ. ಬಗ್ಗಿಸದಿದ್ದರೆ ಕಳ್ಳಿ ಇವಳೇ ಆಗಿ ಉಳಿಯುತ್ತಾಳೆ, ಮಾವನನ್ನು ಯಾರೂ ಕೇಳುವುದಿಲ್ಲ. ಇದು ಶಾಂಭವಿಗೆ ಗೊತ್ತಿತ್ತು. ವೀಣಾಳಿಗೂ ಗೊತ್ತಿತ್ತು. ಸರ ಹಿಡಿದವಳಿಗೆ ಮಾತ್ರ ಗೊತ್ತಿರಲಿಲ್ಲ.

“ತಂಗೀ,” ಎಂದಳು ಶಾಂಭವಿ, “ತಗೋ. ಉಳಿದದ್ದು ನಾನು ನೋಡ್ಕಳ್ತೆ.”

ವೀಣಾ ಅವಳನ್ನು ನೋಡಿದಳು, ನಿಮಗೂ ತಿಳಿಯಿತಲ್ಲ ಎಂಬಂತೆ. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದಳು.

“ಬೇಡ ಅತ್ತೆ,” ಎಂದಳು. “ಸರವೂ ಬೇಡ. ನಾ ಬರೂದೂ ಇಲ್ಲ.”